ಹಳೇ ಪಿಕಪ್ಪಿನ ಇಂಜಿನ್ ಇಳಸೂಕಿಂತ ಮೊದಲ ಚೆಕ್ ಮಾಡ್ರಿ

ಸಂಪಾದಕರಿಗೆ ನಮಸ್ಕಾರ,

ತೊಗರಿ ರಾಶಿ ಶುರು ಆತಂದ್ರ ಆಳಂದ, ಅಫಜಲಪುರ, ಚಿಂಚೋಳಿ, ಸೇಡಂ ಕಡಿಂದ ಕಲಬುರಗಿ ಗಂಜಿಗೆ (ಕಾಳಿನ ಮಾರ್ಕೆಟ್ಟಿಗಿ) ಮಾಲ್ ಹೊತ್ತು ತರೋ ಗಾಡಿಗಳ್ನ ನೋಡ್ರಿ, ಹತ್ತು ಹದಿನೈದು ವರ್ಷದ ಹಳೇ ಪಿಕಪ್ಪೇ ಭಾಳ ಕಾಣ್ತಾವ. ಈ ಗಾಡಿ ನಿಂತ್ರ ರೈತನ ಮಾಲೂ ನಿಂತಂಗ, ಡ್ರೈವರ್ ಮನಿ ಒಲೀನೂ ನಿಂತಂಗ. ಆದ್ರ ನಮ್ ಕಡಿ ಒಂದು ಕೆಟ್ಟ ರೂಢಿ ಬಿದ್ದದ. ಗಾಡಿ ಜಗ್ಗವಲ್ದು, ಹೊಗಿ ಬಿಡ್ಲಕತ್ತದ ಅಂತ ಮಿಸ್ತ್ರಿ ಹತ್ರ ಒಯ್ದ್ರ, ಸೆಲ್ಫ್ ಹೊಡ್ದು ಆವಾಜ್ ಕೇಳಿ "ಬೋರ್ ಹೋಗ್ಯದ, ಇಂಜಿನ್ ಇಳಸಬೇಕು" ಅಂದುಬಿಡ್ತಾರ (ಬೋರ್ ಅಂದ್ರ ಪಿಸ್ಟನ್ ಆಡೋ ಸಿಲಿಂಡರಿನ ಒಳಮೈ, ಅದು ಸವದದ ಅಂತ), ಮಾಲೀಕನೂ ಹೂಂ ಅಂತಾನ, ಬಡ್ಡಿಗಿ ರೊಕ್ಕ ತಂದು ಪಿಸ್ಟನ್, ರಿಂಗ್, ಲೈನರ್ ಎಲ್ಲಾ ಹೊಸಾದು ಹಾಕಸ್ತಾನ, ಒಂದ್ ತಿಂಗಳಿಗಿ ಮತ್ತ ಅದೇ ಕಥಿ. ಯಾಕಂದ್ರ ರೋಗ ಎಲ್ಲಿತ್ತೋ ಅಲ್ಲಿ ಯಾರೂ ಕೈ ಹಚ್ಚಿಲ್ಲ.

ನಮ್ಮ ಓಣ್ಯಾಗ ಒಬ್ಬರ ಗಾಡಿ ಹಿಂಗೇ ಆಗಿತ್ತು. ಖಾಲಿ ಇದ್ದಾಗ ಬರೋಬ್ಬರಿ ಓಡ್ತಿತ್ತು, ಲೋಡ್ ಹಾಕಿ ಏರು ಹತ್ತಿಸಿದ್ರ ಉಸಿರು ಕಟ್ಟಿದಂಗ ಆಗಿ ಗಕ್ಕ ಗಕ್ಕ ಅಂತಿತ್ತು, ಮುಂಜಾನಿ ಸ್ಟಾರ್ಟ್ ಆಗ್ಬೇಕಂದ್ರ ಹ್ಯಾಂಡ್ ಪಂಪ್ ಹೊಡೀಲೇಬೇಕಿತ್ತು. ಇಬ್ಬರು ಮಿಸ್ತ್ರಿ ಇಂಜಿನ್ ಕೆಲಸ ಅಂತ ಹೇಳಿದ್ರು. ಮೂರನೇದಾಂವ ಒಬ್ಬ ವಯಸ್ಸಾದ ಮಿಸ್ತ್ರಿ, ಅಂವ ಪಾನಾ ಹಿಡೀಲೇ ಇಲ್ಲ, ಮೊದಲ ಫಿಲ್ಟರ್ ಬುಡದಾಗಿನ ಡ್ರೇನ್ ಸಡಿಲ ಮಾಡಿ ಒಂದು ಗಾಜಿನ ಬಾಟ್ಲಿಗಿ ಬಿಟ್ಟ, ಕೆಳಗ ನೀರು ಮ್ಯಾಲ ಡೀಸೆಲ್ ಬ್ಯಾರೆ ಬ್ಯಾರೆ ನಿಂತ್ವು. ಆಮ್ಯಾಲ ಟ್ಯಾಂಕಿನಿಂದ ಪಂಪಿಗಿ ಹೋಗೋ ರಬ್ಬರ್ ಪೈಪ್ ತೆಗದು ಆರಪಾರ ಕಾಣೋ ಪ್ಲಾಸ್ಟಿಕ್ ಪೈಪ್ ಹಚ್ಚಿ ಇಂಜಿನ್ ಚಾಲೂ ಮಾಡಿದ, ಡೀಸೆಲ್ ಜೊತಿ ಸಣ್ಣ ಸಣ್ಣ ಗುಳ್ಳಿ ಸಾಲಾಗಿ ಹೊಂಟಿದ್ವು. ಹಿಂದಕ್ಕ ಹುಡುಕಿದ್ರ ಕ್ಲಿಪ್ ಕೆಳಗ ಪೈಪ್ ಕೂದಲೆಳಿ ಅಷ್ಟು ಸೀಳಿತ್ತು. ಅಲ್ಲಿಂದ ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿ ಒಳಗ ಎಳ್ಕೊಂತದ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಪೈಪ್, ಎರಡು ಕ್ಲಿಪ್, ಒಂದು ಫಿಲ್ಟರ್, ಇಷ್ಟಕ್ಕ ಗಾಡಿ ಏರು ಹತ್ತಿತು. ಇಂಥಾ ಮಿಸ್ತ್ರಿಗಳು ನಮ್ ಕಡಿ ಇದ್ದಾರ, ಆದ್ರ ಕಡಿಮಿ ಆಗ್ಲಕತ್ತಾರ ಅನ್ನೋದೇ ನನಗ ಸಂಕಟ.

ಹೊಗಿ ಬಣ್ಣ ನೋಡೋದು ಎಲ್ಲಾರಿಗೂ ಗೊತ್ತಿರ್ಬೇಕು. ಕರೀ ಹೊಗಿ ಅಂದ್ರ ಗಾಳಿ ಕಡಿಮಿ ಡೀಸೆಲ್ ಜಾಸ್ತಿ, ಏರ್ ಫಿಲ್ಟರ್ ಕಟ್ಟಿರ್ತದ ಇಲ್ಲಾ ಸಿಲಿಂಡರಿಗಿ ಡೀಸೆಲ್ ಸಿಂಪಡಸೋ ನೋಝಲ್ ತೊಟ್ಟಿಕ್ತಿರ್ತದ. ನೀಲಿ ಹೊಗಿ ಅಂದ್ರ ಆಯಿಲ್ ಸುಡ್ಲಕತ್ತದ, ರಿಂಗ್ ಇರ್ಬಹುದು, ವಾಲ್ವ್ ಸೀಲ್ ಇರ್ಬಹುದು, ಟರ್ಬೋ ಇದ್ರ ಟರ್ಬೋ ಸೀಲೂ ಇರ್ಬಹುದು. ಥಂಡಿ ದಿನ ಮುಂಜಾನಿ ಸ್ವಲ್ಪ ಹೊತ್ತು ಬಿಳಿ ಹೊಗಿ ಬಂದು ನಿಂತ್ರ ಹೆದರೋದು ಬ್ಯಾಡ, ಬಿಸಿ ಆದ್ಮ್ಯಾಲೂ ಬಿಳಿ ಹೊಗಿ ಬಂದು ರೇಡಿಯೇಟರ್ ನೀರು ಇಳೀಲಕತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಮ್ಯಾಲ ಅನುಮಾನ ಪಡ್ರಿ. ಆಯಿಲ್ ಅಳಿಯೋ ಡಿಪ್ ಸ್ಟಿಕ್ ಎಳದು ನೋಡ್ರಿ, ಆಯಿಲ್ ಚಹಾದ ಬಣ್ಣಕ್ಕ ತಿರಗಿದ್ರ ನೀರು ಸೇರ್ಯದ, ಲೆವೆಲ್ ಏರಿ ಡೀಸೆಲ್ ವಾಸನಿ ಬಂದ್ರ ಡೀಸೆಲ್ ಸೇರ್ಯದ, ಎರಡರಾಗ ಯಾವದಿದ್ರೂ ಗಾಡಿ ಓಡಸಬ್ಯಾಡ್ರಿ, ಬೇರಿಂಗ್ ತಿಂದು ಹಾಕ್ತದ.

ಇಂಜಿನ್ ಮಿಸ್ ಹೊಡೀತಿದ್ರ, ಅಂದ್ರ ಒಂದು ಸಿಲಿಂಡರ್ ಕೆಲಸ ಬಿಟ್ಟಿದ್ರ, ಹಳೇ ಮೆಕ್ಯಾನಿಕಲ್ ಪಂಪಿನ ಗಾಡ್ಯಾಗ ಒಂದೊಂದೇ ನೋಝಲ್ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ ನೋಡ್ತಾರ, ಯಾವ ಸಿಲಿಂಡರಿಂದು ಸಡಿಲ ಮಾಡಿದ್ರೂ ಇಂಜಿನ್ ಆವಾಜ್ ಬದಲಾಗಂಗಿಲ್ಲೋ ಅದೇ ಕೆಲಸ ಮಾಡ್ಲಕತ್ತಿಲ್ಲ ಅಂತ ಗುರ್ತು. ಆದ್ರ ಕಾಮನ್ ರೇಲ್ ಗಾಡ್ಯಾಗ (ಎಲ್ಲಾ ನೋಝಲ್ಲಿಗೂ ಒಂದೇ ಪೈಪಿನಿಂದ ಭಾಳ ಪ್ರೆಶರಿನಾಗ ಡೀಸೆಲ್ ಹೋಗೋ ಹೊಸಾ ನಮೂನಿ ಗಾಡಿ) ಇದನ್ನ ಯಾರೂ ಮಾಡಬ್ಯಾಡ್ರಿ, ಕೈ ಮುಗದು ಹೇಳ್ತೀನಿ, ಅದರಾಗ ಪ್ರೆಶರ್ 1000 ಬಾರ್ ದಾಟಬಹುದು, ಡೀಸೆಲ್ ಚರ್ಮದೊಳಗ ಹೊಕ್ಕ್ರ ಕೈಯೇ ಹೋಗ್ಬಹುದು.

ಇನ್ನ ಬೋರ್ ಹೋಗ್ಯದೋ ಇಲ್ಲೋ ಹೇಳೋದು ಕಿವಿ ಅಲ್ಲ, ಸಿಲಿಂಡರಿನಾಗಿನ ಗಾಳಿ ಒತ್ತಡ ಅಳಿಯೋ ಕಂಪ್ರೆಶನ್ ಗೇಜ್. ಚಲೋ ಇರೋ ಡೀಸೆಲ್ ಇಂಜಿನ್ನಿನಾಗ ಸಾಮಾನ್ಯ 350ರಿಂದ 450 ಪಿಎಸ್‌ಐ ಬರ್ತದ, ಅದಕ್ಕಿಂತ ಮುಖ್ಯ ಸಿಲಿಂಡರ್ ಸಿಲಿಂಡರಿಗಿ ಭಾಳ ಫರಕ್ ಇರಬಾರ್ದು. ಒಂದಕ್ಕೊಂದು ಹತ್ತಿದ ಎರಡೇ ಸಿಲಿಂಡರಿನಾಗ ಕಡಿಮಿ ಇದ್ರ ನಡುವಿನ ಗ್ಯಾಸ್ಕೆಟ್ ಸುಟ್ಟಿರ್ಬಹುದು. ವಾಲ್ವ್ ಒತ್ತೋ ಟ್ಯಾಪೆಟ್ ಟೈಟ್ ಆಗಿ ವಾಲ್ವ್ ಪೂರಾ ಕೂಡ್ಲಿಲ್ಲಂದ್ರೂ ಕಂಪ್ರೆಶನ್ ಇಳೀತದ, ಅದಕ್ಕ ಸಂದು ಅಳಿಯೋ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಸೆಟ್ ಮಾಡಿದ್ರ ಆತು, ಇಂಜಿನ್ ಇಳಸೋದು ಯಾತಕ್ಕ?

ನಮ್ ಬಿಸಿಲಿನ ಮಾತು ಬ್ಯಾರೇನೇ ಅದ. ಮೇ ತಿಂಗಳಾಗ 42, 43 ಡಿಗ್ರಿ ಮುಟ್ಟೋ ಊರಾಗ ಗಾಡಿ ಹೀಟ್ ಆಗ್ತದಂತ ಥರ್ಮೋಸ್ಟಾಟೇ (ಇಂಜಿನ್ ಬಿಸಿ ಆದ್ಮ್ಯಾಲ ರೇಡಿಯೇಟರಿಗಿ ನೀರು ಬಿಡೋ ವಾಲ್ವ್) ಕಿತ್ತಿ ಒಗೀತಾರ. ಅದು ತಪ್ಪು. ಇಂಜಿನ್ ತನ್ನ ಬಿಸಿಗಿ ಬರೋದು ತಡ ಆಗ್ತದ, ಡೀಸೆಲ್ ಜಾಸ್ತಿ ಕುಡೀತದ, ಬೋರ್ ಲಗೂನ ಸವೀತದ, ಮತ್ತ ಕೆಲವು ಇಂಜಿನ್ನಿನಾಗ ನೀರು ರೇಡಿಯೇಟರಿಗಿ ಪೂರಾ ಹೋಗ್ದೇ ಬೈಪಾಸ್ ಒಳಗೇ ಸುತ್ತಿ ಹೀಟ್ ಇನ್ನಾ ಏರ್ತದ. ಥರ್ಮೋಸ್ಟಾಟ್ ತೆಗದು ಒಂದು ಪಾತೇಲಿ ನೀರಾಗ ಹಾಕಿ ಸ್ಟೋವ್ ಮ್ಯಾಲ ಇಡ್ರಿ, ಭಾಳ ಇಂಜಿನ್ನಿಂದು 80 ಡಿಗ್ರಿ ಆಸುಪಾಸು ಬಾಯಿ ಬಿಡ್ಲಿಕ್ಕೆ ಶುರು ಮಾಡ್ತದ, ಎಷ್ಟಕ್ಕ ಅಂತ ಅದರ ಮ್ಯಾಲೇ ಒತ್ತಿರ್ತಾರ. ನೀರು ಕುದ್ರೂ ಬಿಡ್ಲಿಲ್ಲಂದ್ರ ಬದಲ್ ಮಾಡ್ರಿ. ಹೀಟಿಗಿ ನಿಜವಾದ ಕಾರಣ ಭಾಳ ಸಲ ಬೋರ್‌ವೆಲ್ ಸವಳು ನೀರು, ವರ್ಷಗಟ್ಟಲೆ ಅದನ್ನೇ ಹಾಕಿ ಹಾಕಿ ರೇಡಿಯೇಟರ್ ನಳಿಗಿ ಸುಣ್ಣ ಕಟ್ಟಿರ್ತದ. ಡಿಸ್ಟಿಲ್ಡ್ ವಾಟರ್ ಮತ್ತ ಕೂಲಂಟ್ ಹಾಕ್ರಿ, ಮುಚ್ಚಳದ ರಬ್ಬರ್ ನೋಡ್ರಿ, ಬಿಸಿ ಇದ್ದಾಗ ಮಾತ್ರ ಮುಚ್ಚಳ ತೆಗೀಬ್ಯಾಡ್ರಿ.

ರಾಶಿ ಧೂಳು, ಶಹಾಬಾದ್ ವಾಡಿ ಕಡಿ ಸುಣ್ಣಗಲ್ಲಿನ ಧೂಳು, ಇದಕ್ಕ ಏರ್ ಫಿಲ್ಟರ್ ಪುಸ್ತಕದಾಗ ಬರದ ಕಿಲೋಮೀಟರಿಗಿಂತ ಮೊದಲೇ ನೋಡ್ಬೇಕಾಗ್ತದ. ಹರಿದ ಫಿಲ್ಟರ್ ಹಾಕಿ ಓಡ್ಸಿದ್ರ ಆವಾಗ ಖರೇನೇ ಬೋರ್ ಹೋಗ್ತದ.

ಈಗ ನನ್ನ ಬೇಡಿಕಿ. ನಮ್ಮ ಐಟಿಐಗಳಾಗ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಅದ, ಒಂದು ವರ್ಷದ ಕೋರ್ಸು. ಆ ಹುಡುಗರಿಗಿ ಕಂಪ್ರೆಶನ್ ಗೇಜ್, ನೋಝಲ್ ಟೆಸ್ಟರ್ ಕೈಯಾಗ ಕೊಟ್ಟು ನಮ್ಮ ರೋಡಿನ ಹಳೇ ಗಾಡಿ ಮ್ಯಾಲೇ ಕಲಸಬೇಕು. ಸಂವಿಧಾನದ 371(ಜೆ) ಕಲಂ ಬಂದ್ಮ್ಯಾಲ ಆದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ರೊಕ್ಕದಾಗ ತಾಲೂಕಿಗೊಂದು ಇಂಥಾ ಟೆಸ್ಟಿಂಗ್ ಸೆಟ್ ಇಟ್ರ ಏನು ದೊಡ್ಡ ಭಾರ ಆಗಂಗಿಲ್ಲ. ವಿದ್ಯೆ ಇರೋ ಹಳೇ ಮಿಸ್ತ್ರಿಗಳ್ನ ಕರದು ಗೌರವಧನ ಕೊಟ್ಟು ಅವರ ಕಡಿಂದ ಪಾಠ ಹೇಳಸ್ರಿ, ಅವರ ಹತ್ರ ಸರ್ಟಿಫಿಕೇಟ್ ಇಲ್ಲಂತ ಹೊರಗ ನಿಲ್ಲಸಬ್ಯಾಡ್ರಿ. ತೊಗರಿ ಗಂಜಿಗಿ ಬರೂಕಿಂತ ಮೊದಲ, ಅಂದ್ರ ನವೆಂಬರ್ ಒಳಗ, ಪ್ರತಿ ತಾಲೂಕಿನ ಐಟಿಐದಾಗ ಪಿಕಪ್ ಮಾಲೀಕರಿಗಿ ಒಂದು ದಿನದ ಚೆಕಪ್ ಕ್ಯಾಂಪ್ ಇಡಬೇಕು, ಅದರ ತಾರೀಖು ನಿಮ್ಮ ಪತ್ರಿಕೆ ಜಿಲ್ಲಾ ಪುಟದಾಗ ಹಾಕಬೇಕು ಅಂತ ವಿನಂತಿ.

ಒಬ್ಬ ಪಿಕಪ್ ಮಾಲೀಕ,
ಕಲಬುರಗಿ