ಬೇಸ್ ಗಿಟಾರಿನ ಸೋಲೋಗೆ ಐದು ಸ್ವರ ಕಡಿಮೆಯೇನಲ್ಲ

ಮಾನ್ಯ ಸಂಪಾದಕರೇ,

ಹೋದ ವಾರದ ಪುರವಣಿಯಲ್ಲಿ ಗಿಟಾರ್ ಕಲಿಯುವ ಹುಡುಗ ಹುಡುಗಿಯರ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಬೇಸ್ ಗಿಟಾರಿಗೆ, ಅಂದರೆ ಕೆಳಗಿನ ಸ್ಥಾಯಿಯಲ್ಲಿ ನುಡಿಯುವ ದಪ್ಪ ತಂತಿಯ ಗಿಟಾರಿಗೆ, ಸಿಕ್ಕಿದ್ದು ಎರಡೇ ಸಾಲು, ಆ ಎರಡರ ಮೇಲೂ ನನ್ನ ತಕರಾರಿದೆ. ಬೇಸ್ ನುಡಿಸುವವರು ಸೋಲೋ (ಒಬ್ಬರೇ ಮುಂದೆ ಬಂದು ನುಡಿಸುವ ಸರದಿ) ಬಂದಾಗ ಪೆಂಟಟೋನಿಕ್ ಅನ್ನುವ ಐದು ಸ್ವರದ ಸ್ಕೇಲ್ ಹಿಡಿದು ಮೇಲೆ ಕೆಳಗೆ ಓಡುತ್ತಾರೆ, ಅದು ಕಲಿಯದವರ ಸುಲಭದ ದಾರಿ ಎನ್ನುವ ಹಾಗೆ ಬರೆದಿದ್ದರು. ಓಡುತ್ತಾರೆ ಅನ್ನುವುದು ನಿಜ, ಯಾವ ಕಾಲೇಜು ಫೆಸ್ಟಿಗೆ ಹೋದರೂ ಕೇಳಿಸುತ್ತದೆ. ಅದಕ್ಕೆ ಐದು ಸ್ವರಗಳನ್ನು ಬೈದರೆ ಹೇಗೆ?

ಮೋಹನ ರಾಗಕ್ಕೆ ಎಷ್ಟು ಸ್ವರ? ಐದು. ಹಿಂದೋಳಕ್ಕೆ? ಐದು. ಕಚೇರಿಯ ಕೊನೆಗೆ ಬರುವ ಮಧ್ಯಮಾವತಿಗೂ ಐದೇ. ಇವನ್ನು ಗಂಟೆಗಟ್ಟಲೆ ಕೇಳಿ ತಲೆದೂಗುವ ನಾವು, ಅದೇ ಐದು ಸ್ವರ ಬೇಸ್ ಗಿಟಾರಿನಲ್ಲಿ ಬಂದ ಕೂಡಲೇ ‘ಸಾಲದು’ ಅನ್ನುತ್ತೇವೆ. ಸ್ವಲ್ಪ ಅನ್ಯಾಯ ಅಲ್ವಾ?

ಹಾಗಂತ ಸ್ಕೇಲ್ ಅಂದರೆ ರಾಗ ಅಂತ ನಾನು ಹೇಳುತ್ತಿಲ್ಲ. ಮೋಹನದ ಗಮಕ, ಸಂಚಾರ ಯಾವುದೂ ಅವೇ ಐದು ಸ್ವರಗಳಿರುವ ಮೇಜರ್ ಪೆಂಟಟೋನಿಕ್‌ನಲ್ಲಿ ತಾನಾಗಿ ಬರುವುದಿಲ್ಲ. ನಾನು ಹೇಳುವುದು ಸ್ವರಗಳ ಲೆಕ್ಕ ಮಾತ್ರ. ಹಿಂದೂಸ್ತಾನಿಯಲ್ಲಿ ಭೂಪಾಲಿ, ದೇಶಕಾರ್ ಎರಡಕ್ಕೂ ಸ ರಿ ಗ ಪ ದ ಅನ್ನುವ ಅವೇ ಐದು ಸ್ವರ. ಭೂಪಾಲಿಯಲ್ಲಿ ಗಾಂಧಾರದ ಮೇಲೆ ಒತ್ತು, ದೇಶಕಾರ್‌ನಲ್ಲಿ ಧೈವತದ ಮೇಲೆ. ಎಲ್ಲಿ ನಿಲ್ಲುತ್ತೀರಿ ಅನ್ನುವುದರಲ್ಲೇ ರಾಗ ಬೇರೆಯಾಗುತ್ತದೆ. ಬೇಸ್ ಸೋಲೋಗೆ ಇದಕ್ಕಿಂತ ದೊಡ್ಡ ಪಾಠ ನನಗಂತೂ ಗೊತ್ತಿಲ್ಲ.

ಈಗ ವಾದ್ಯಕ್ಕೆ ಬರೋಣ. ನಾಲ್ಕು ತಂತಿಯ ಬೇಸಿನಲ್ಲಿ ದಪ್ಪ ತಂತಿಯಿಂದ ಶುರು ಮಾಡಿದರೆ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಇ, ಎ, ಡಿ, ಜಿ. ದಪ್ಪ ಇ ತಂತಿ ಸುಮಾರು 41 ಹರ್ಟ್ಸ್, ಸಾಮಾನ್ಯ ಗಿಟಾರಿನ ದಪ್ಪ ತಂತಿಗಿಂತ ಒಂದು ಸ್ಥಾಯಿ ಕೆಳಗೆ. ಅಷ್ಟು ಕೆಳಗೆ ಅರ್ಧ ಅರ್ಧ ಸ್ವರದ ಅಂತರದಲ್ಲಿ ಬೇಗ ಬೇಗ ನುಡಿಸಿದರೆ ಎಲ್ಲಾ ಸೇರಿ ಗೊಜ್ಜಾಗುತ್ತದೆ. ಪೆಂಟಟೋನಿಕ್‌ನಲ್ಲಿ ಆ ಅರ್ಧ ಸ್ವರದ ಅಂತರವೇ ಇಲ್ಲ. ಸಿ ಮೇಜರ್ ಸ್ಕೇಲಿನಿಂದ ಮಧ್ಯಮ, ನಿಷಾದ ತೆಗೆದರೆ ಉಳಿಯುವ ಐದರಲ್ಲಿ ಯಾವುದೂ ಸಿ ಕಾರ್ಡಿನ (ಒಟ್ಟಿಗೆ ನುಡಿಸುವ ಸ ಗ ಪ) ಜೊತೆ ಜಗಳ ಆಡುವುದಿಲ್ಲ. ಮಧ್ಯಮ ಇಟ್ಟುಕೊಂಡು ಅದರ ಮೇಲೆ ನಿಂತು ನೋಡಿ, ಕೆಳಗಿನ ಗಾಂಧಾರಕ್ಕೆ ತಗಲಿ ಕಿವಿಗೆ ಚುಚ್ಚುತ್ತದೆ. (ಮೊಬೈಲ್ ಸ್ಪೀಕರಿನಲ್ಲಿ ಕೇಳಿ ಬೇಸ್ ಸೋಲೋ ಚೆನ್ನಾಗಿಲ್ಲ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. 41 ಹರ್ಟ್ಸ್ ಆ ಸ್ಪೀಕರಿನಿಂದ ಹೊರಗೇ ಬರುವುದಿಲ್ಲ.)

ಇನ್ನೊಂದು ಸೊಗಸು ಇದೆ, ಕ್ಲಾಸುಗಳಲ್ಲಿ ಇದನ್ನು ಯಾಕೆ ಹೇಳಿಕೊಡುವುದಿಲ್ಲವೋ. ಇ ಮೈನರ್ ಪೆಂಟಟೋನಿಕ್ ಅಂದರೆ ಇ, ಜಿ, ಎ, ಬಿ, ಡಿ. ಬೇಸಿನ ನಾಲ್ಕೂ ಖಾಲಿ ತಂತಿಗಳು ಇದರೊಳಗೇ ಇವೆ! ಇ ಷಡ್ಜವಾದರೆ ಅದು ಶುದ್ಧ ಧನ್ಯಾಸಿಯ ಸ್ವರಗಳು. ಅವೇ ಐದನ್ನು ಇಟ್ಟುಕೊಂಡು ಜಿ ಷಡ್ಜ ಮಾಡಿದರೆ ಮೋಹನ, ಎ ಮಾಡಿದರೆ ಮಧ್ಯಮಾವತಿ, ಡಿ ಮಾಡಿದರೆ ಶುದ್ಧ ಸಾವೇರಿ, ಬಿ ಮಾಡಿದರೆ ಹಿಂದೋಳ. ನಮ್ಮಲ್ಲಿ ಗ್ರಹಭೇದ ಅನ್ನುವುದು ಇದನ್ನೇ. ನಮ್ಮ ಊರಿನ ಎಷ್ಟೋ ಮಕ್ಕಳು ಗಿಟಾರ್ ಹಿಡಿಯುವ ಮೊದಲೇ ಸಂಗೀತ ಪಾಠದಲ್ಲಿ ಮೋಹನದ ಗೀತೆ ಹಾಡಿರುತ್ತಾರೆ. ಅಂಥ ಮಗುವಿನ ಕೈಗೆ ಬೆರಳು ಇಡುವ ಜಾಗ ತೋರಿಸುವ ಚುಕ್ಕಿ ಚುಕ್ಕಿಯ ಬಾಕ್ಸ್ ಚಿತ್ರ ಕೊಟ್ಟು, ಇ ತಂತಿಯಲ್ಲಿ 12, 15, ಉಳಿದ ಮೂರರಲ್ಲಿ 12, 14 ಅಂತ ಸುಮ್ನೆ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ನಂಬರ್ ಬಾಯಿಪಾಠ ಮಾಡಿಸಿದರೆ ಅದು ಓಡದೆ ಇನ್ನೇನು ಮಾಡುತ್ತದೆ? ಮೊದಲು ಹಾಡಿಸಿ, ಆಮೇಲೆ ನುಡಿಸಲು ಹೇಳಿ. ಹಾಡುವಾಗ ಉಸಿರಿಗೆ ನಿಲ್ಲಲೇಬೇಕು, ಆ ನಿಲುಗಡೆ ಬೆರಳಿಗೂ ಬರುತ್ತದೆ.

ಬೇಸ್ ಸೋಲೋದ ನಿಜವಾದ ಕಷ್ಟ ಬೇರೆ ಇದೆ. ಲೀಡ್ ಗಿಟಾರಿನವರು ಸೋಲೋ ನುಡಿಸುವಾಗ ಕೆಳಗೆ ಬೇಸ್ ಇರುತ್ತದೆ. ಬೇಸಿನವರೇ ಮೇಲೆ ಹೋದರೆ ಕೆಳಗೆ ಯಾರು? ಕಾರ್ಡ್ ಎಲ್ಲಿದೆ ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ, ಹಾಡು ತೇಲಿ ಹೋಗುತ್ತದೆ. ಇಲ್ಲೂ ಖಾಲಿ ತಂತಿಗಳೇ ಕೈ ಹಿಡಿಯುವುದು. 12ನೇ ಫ್ರೆಟ್ಟಿನ ಮೇಲೆ ಇ ಮೈನರ್‌ನಲ್ಲಿ ನುಡಿಸುತ್ತಾ ಎರಡು ಬಾರ್‌ಗಳಿಗೊಮ್ಮೆ (ಬಾರ್ ಅಂದರೆ ತಾಳದ ಒಂದು ಸುತ್ತು) ಮೊದಲ ಪೆಟ್ಟಿಗೆ ಖಾಲಿ ಇ ತಂತಿ ಮೀಟಿ ಬಿಡಿ. ಶ್ರುತಿ ನಿಂತ ಹಾಗಾಗುತ್ತದೆ.

ಒಂದೇ ಬಾಕ್ಸಿನಲ್ಲಿ ಬೇಜಾರಾದರೆ ಏನು ಮಾಡುವುದು ಅನ್ನುತ್ತೀರಾ? ಇ ಮೈನರ್ ಕಾರ್ಡ್ ತುಂಬಾ ಹೊತ್ತು ನಿಂತಿರುವ ಕಡೆ ಬಿ ಮೈನರ್ ಪೆಂಟಟೋನಿಕ್‌ಗೆ ಹೋಗಿ. ಜಿ ಬಿಟ್ಟು ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲೆ) ಬಂತು, ಅಷ್ಟೇ ಬದಲಾವಣೆ. ಅಲ್ಲಿಂದ ಎಫ್ ಶಾರ್ಪ್ ಮೈನರ್‌ಗೆ ಹೋದರೆ ಡಿ ಬಿಟ್ಟು ಸಿ ಶಾರ್ಪ್. ಷಡ್ಜವನ್ನು ಇ ಮೇಲೇ ಇಟ್ಟು ಕೇಳಿದರೆ ಶುದ್ಧ ಧನ್ಯಾಸಿಯಿಂದ ಮಧ್ಯಮಾವತಿ, ಅಲ್ಲಿಂದ ಶುದ್ಧ ಸಾವೇರಿ. ಜಾಝ್‌ನವರು ಇದನ್ನು ಬಹಳ ಬಳಸುತ್ತಾರೆ, ಕೇಳಲು ದೊಡ್ಡ ವಿದ್ಯೆಯ ಹಾಗಿರುತ್ತದೆ. ಆದರೆ ಪ್ರತಿ ಸಲ ಬದಲಾಗಿದ್ದು ಒಂದೇ ಸ್ವರ.

ಪೆಂಟಟೋನಿಕ್ ಎಲ್ಲಾ ಕಡೆ ನಡೆಯುತ್ತದೆ ಅಂತಲೂ ಅಲ್ಲ. ಇ ಮೈನರ್ ಹಾಡಿನಲ್ಲಿ ಬಿ ಸೆವೆಂತ್ ಕಾರ್ಡ್ ಬಂದಾಗ ಅದರೊಳಗೆ ಡಿ ಶಾರ್ಪ್ ಇದೆ, ನಿಮ್ಮ ಬೆರಳಿನ ಕೆಳಗೆ ಬರೀ ಡಿ. ಅಲ್ಲಿ ಡಿ ಮೇಲೆ ನಿಂತರೆ ಕೆಟ್ಟದಾಗಿ ಕೇಳಿಸುತ್ತದೆ. ಒಂದು ಫ್ರೆಟ್ ಮೇಲೆ ಸರಿಯಿರಿ, ಇಲ್ಲ ಬಿ ಹಿಡಿದು ಸುಮ್ಮನಿರಿ. ಬ್ಲೂಸ್‌ನವರು ಮಧ್ಯಮ ಪಂಚಮಗಳ ನಡುವೆ ಪ್ರತಿ ಮಧ್ಯಮವನ್ನು ಸವರಿಕೊಂಡು ಹೋಗುತ್ತಾರಲ್ಲ, ಅದೂ ಆರನೆಯ ಸ್ವರವೇ. ನಿಲ್ಲದೆ ದಾಟಿದರೆ ರುಚಿ, ನಿಂತರೆ ಕಹಿ.

ಇನ್ನು ಲಯ. ಸ್ವರ ಕಡಿಮೆ ಇದ್ದಷ್ಟೂ ಲಯಕ್ಕೆ ಜಾಗ ಜಾಸ್ತಿ. ಐದು ಸ್ವರವನ್ನು ‘ತದಿಗಿಣತೊಂ’ ಅನ್ನುವ ಐದು ಅಕ್ಷರದ ಮೃದಂಗದ ಸೊಲ್ಲಿನಂತೆ ಹಿಡಿದು ನಾಲ್ಕು ಪೆಟ್ಟಿನ ಬಾರಿನಲ್ಲಿ ಪೆಟ್ಟಿಗೆ ನಾಲ್ಕು ಅಕ್ಷರದಂತೆ ನುಡಿಸಿ. ಮೂರು ಸಲಕ್ಕೆ 15 ಆಯಿತು, ಒಂದು ಅಕ್ಷರ ಖಾಲಿ ಬಿಟ್ಟರೆ 16, ಮುಂದಿನ ಬಾರಿನ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಕೂರುತ್ತೀರಿ. ಅದೇ ಸ್ವರಗಳು ಪ್ರತಿ ಸಲ ತಾಳದ ಬೇರೆ ಜಾಗಕ್ಕೆ ಬೀಳುವುದರಿಂದ ಸ್ಕೇಲ್ ಓಡಿಸಿದ ಹಾಗೆ ಕೇಳಿಸುವುದಿಲ್ಲ. ಮೃದಂಗ ಕಲಿಯುವ ಗೆಳೆಯರಿದ್ದರೆ ಒಂದು ಸಂಜೆ ಜೊತೆಗೆ ಕೂತುಕೊಳ್ಳಿ, ಯೂಟ್ಯೂಬಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಬೇಸ್ ಹಿಂದೆ ನಿಲ್ಲುವ ವಾದ್ಯ ಎಂದೂ ಆ ಲೇಖನದಲ್ಲಿತ್ತು. 1951ರಲ್ಲಿ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದಾಗ ಹಾಗೆ ಹೇಳಿದ್ದರೆ ಒಪ್ಪಬಹುದಿತ್ತು. 1976ರಲ್ಲಿ ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ಮೊದಲ ಆಲ್ಬಮ್ ಬಂದ ಮೇಲೂ ಅದೇ ಮಾತಾ? ಅವರು ನುಡಿಸುತ್ತಿದ್ದದ್ದು ಫ್ರೆಟ್ ಕಿತ್ತು ಹಾಕಿದ ಬೇಸ್. ಫ್ರೆಟ್ ಇಲ್ಲದ ಬೇಸಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರಬಹುದು, ಹಾಗಾಗಿ ನಮ್ಮ ಗಮಕಕ್ಕೂ ಅದು ಹತ್ತಿರ. ಸ್ಯಾಕ್ಸೋಫೋನಿನಲ್ಲಿ ಗಮಕ ಬರುವುದಿಲ್ಲ ಅನ್ನುತ್ತಿದ್ದವರಿಗೆ ಕದ್ರಿ ಗೋಪಾಲನಾಥ್ ಅವರು ನುಡಿಸಿಯೇ ತೋರಿಸಿದರಲ್ಲ. ಮೋಹನವನ್ನು ಬೇಸಿನಲ್ಲಿ ನಿಧಾನವಾಗಿ, ಇಷ್ಟಿಷ್ಟೇ, ಆಲಾಪನೆಯ ಹಾಗೆ ಬಿಡಿಸುವ ಹುಡುಗಿಯೋ ಹುಡುಗನೋ ನಮ್ಮಲ್ಲಿ ಯಾಕೆ ಬರಬಾರದು?

ಮುಂದಿನ ಸಲ ಇಂಥ ಲೇಖನ ಬರೆಸುವಾಗ ದಯವಿಟ್ಟು ಬೇಸ್ ನುಡಿಸುವ ಒಬ್ಬರನ್ನಾದರೂ ಮಾತಾಡಿಸಿ. ಪ್ರತಿ ಬ್ಯಾಂಡಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಯಾರೂ ಕೇಳುವುದಿಲ್ಲ ಅಷ್ಟೇ.

ಇಂತಿ,
ನಿಮ್ಮ ಓದುಗ
ಮೈಸೂರು