ಮಗಳಿಗೊಂದು ಪತ್ರ: ಹಾರ್ಟ್ ಒತ್ತಿದೆ, ಫೋನ್ ಮಾಡಲಿಲ್ಲ

ಪುಟ್ಟೀ,

ಫೋನಿನಲ್ಲೇ ಹೇಳಬಹುದಿತ್ತು, ಆದರೆ ಹೇಳಲು ಹೊರಟರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿನಗೆ ನಾಲ್ಕು ದಿನ ಜ್ವರ ಇತ್ತಂತೆ. ನನಗೆ ಗೊತ್ತಾದದ್ದು ಮೊನ್ನೆ, ಅದೂ ನಿನ್ನ ರೂಮ್‌ಮೇಟ್ ಬಾಯಿಂದ. ಅದೇ ದಿನಗಳಲ್ಲಿ ನೀನು ಮಲ್ಪೆ ಬೀಚಿನ ಹಳೇ ಫೋಟೋ ಒಂದನ್ನು ಸ್ಟೇಟಸ್ ಹಾಕಿದ್ದೆ, ಕೂದಲೆಲ್ಲ ಗಾಳಿಗೆ ಹಾರುವುದು. ಮೀನಿಗೆ ಮಸಾಲೆ ಅರೆಯುತ್ತಿದ್ದವಳು ಕೈ ಒರೆಸಿಕೊಂಡು ನೋಡಿದೆ, ಹಾರ್ಟ್ ಒತ್ತಿದೆ, ಮಗಳು ಆರಾಮಿದ್ದಾಳೆ ಅಂದುಕೊಂಡು ಮತ್ತೆ ಅರೆಯಲು ಹೋದೆ.

ದಿನಾ ನಿನ್ನನ್ನು ನೋಡುತ್ತಿದ್ದೇನೆ ಅಂದುಕೊಂಡೇ ಮಾತಾಡುವುದು ಕಡಿಮೆ ಮಾಡಿದೆ ಮಾರಾಯ್ತಿ. ನೀನು ಹಾಸ್ಟೆಲಿನಲ್ಲಿದ್ದಾಗ ವಾರಕ್ಕೆರಡು ಸಲ ಫೋನ್ ಮಾಡಿ 'ಊಟ ಆಯ್ತಾ' ಅಂತ ಕೇಳುತ್ತಿದ್ದೆ, ನಿನ್ನ 'ಹೂಂ' ಕೇಳಿದ ಕೂಡಲೇ ಆಗಿಲ್ಲ ಅಂತ ಗೊತ್ತಾಗುತ್ತಿತ್ತು. ಸ್ಟೇಟಸ್‌ನಲ್ಲಿ ಆ ಹೂಂ ಕೇಳಿಸುವುದಿಲ್ಲ.

ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದದ್ದು 2009ರಲ್ಲಿ. ಅದಕ್ಕೆ ಮುಂಚೆ ಯಾರದ್ದಾದರೂ ಫೋಟೋ ಚಂದ ಕಂಡರೆ ಒಂದು ಸಾಲಾದರೂ ಬರೆಯಬೇಕಿತ್ತು, ಬರೆಯಲು ಒಂದು ಗಳಿಗೆ ಅವರನ್ನು ನೆನೆಯಬೇಕಿತ್ತು, ಅಲ್ವಾ? ಈಗ ಬೆರಳು ತಾಗಿಸಿದರೆ ಆಯ್ತು, ವಿಚಾರಿಸಿಕೊಂಡೆವು ಅಂತ ಮನಸ್ಸಿಗೆ ಸಮಾಧಾನ. ನನಗಂತೂ ಹಾಗೇ ಆಗಿದೆ.

ಈ ಸಲ ಕೃಷ್ಣಾಷ್ಟಮಿ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಬಂದಿದ್ದೆಯಲ್ಲ, ರಥಬೀದಿಯಲ್ಲಿ ಹುಲಿವೇಷ ಬಂದಾಗ ನೀನು ಮೊಬೈಲ್ ಎತ್ತಿ ಹಿಡಿದೆ, ನಾನೂ ಹಿಡಿದೆ. ಸಣ್ಣವಳಿದ್ದಾಗ ತಾಸೆ ವಾದ್ಯದ ಸದ್ದು ಕೇಳಿದರೆ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದವಳು ನೀನು. ಮನೆಗೆ ಬಂದು ನಾವು ಹಾಕಿದ ವಿಡಿಯೋ ಎಷ್ಟು ಜನ ನೋಡಿದರು ಅಂತ ಇಬ್ಬರೂ ಲೆಕ್ಕ ಹಾಕಿದೆವು. 'ಕಪ್ಪು ಹುಲಿ ಇತ್ತಾ?' ಅಂತ ಅಜ್ಜಿ ಕೇಳಿದಾಗ ಇಬ್ಬರಿಗೂ ನೆನಪಿಲ್ಲ, ವಿಡಿಯೋ ತೆಗೆದು ನೋಡಬೇಕಾಯಿತು. ಆಗ ಅಜ್ಜಿಯ ಮುಖ ಸಪ್ಪಗಾದದ್ದು ನಾನು ನೋಡಿದೆ. ಅವರಿಗೆ ಬೇಕಿದ್ದದ್ದು ವಿಡಿಯೋ ಅಲ್ಲ, ನಾವು ಕೂತು ಹೇಳುವುದು.

ಅಪ್ಪ ಬೆಳಿಗ್ಗೆ ಉದಯವಾಣಿ ಓದಿ ಮಡಚಿಟ್ಟು ಏಳುತ್ತಾರೆ, ಪೇಪರ್ ಕೊನೇ ಪುಟಕ್ಕೆ ಮುಗಿಯುತ್ತದೆ. ರೀಲ್ಸ್ ಮುಗಿಯುವುದೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದು, ನಾವು ಕೂತಷ್ಟು ಹೊತ್ತೂ ಆ ಕಂಪನಿಯವರಿಗೆ ಜಾಹೀರಾತಿನ ದುಡ್ಡು. ಹಾಗಾಗಿ ನಿನ್ನೊಬ್ಬಳದೇ ತಪ್ಪು ಅಂತ ಬೈಯಲು ನನಗೆ ಮನಸ್ಸಿಲ್ಲ. ಫೋಟೋ ಹಾಕಬೇಡ ಅಂತಲೂ ಹೇಳುವುದಿಲ್ಲ, ನಿನ್ನ ಮುಖ ಕಂಡರೆ ನನಗೆ ಖುಷಿಯೇ. ಮೈ ಹುಷಾರಿಲ್ಲದಿದ್ದರೆ ಮಾತ್ರ ಸುಮ್ನೆ ಒಂದು ಮಿಸ್ಡ್ ಕಾಲ್ ಕೊಡು, ನಡುರಾತ್ರಿಯಾದರೂ ಸರಿ.

ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ವಿಡಿಯೋ ಬೇಡ, ನಿನ್ನ ಸ್ವರ ಕೇಳಬೇಕು. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದೇನೆ, ನಾಳೆ ರಾತ್ರಿ ಬಸ್ಸಿಗೆ ಹಾಕುತ್ತೇನೆ. ಗಂಜಿ ಮಾಡಿಕೊಂಡು ಉಣ್ಣು.

ನಿನ್ನ ಅಮ್ಮ
ಉಡುಪಿ