ನಮ್ಮ ವೋಟು ಖಾತ್ರಿ ಅಂತ ಗೊತ್ತಾದರೆ ನಮ್ಮ ಮಾತು ಯಾರು ಕೇಳುತ್ತಾರೆ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಕರಾವಳಿಯಲ್ಲಿ ಹೋರಾಟಗಳಿಗೆ ಬರ ಇಲ್ಲ. ಬಂದ್, ಧರಣಿ, ಪಾದಯಾತ್ರೆ, ಡಿಸಿ ಆಫೀಸಿಗೆ ಮನವಿ, ಎಲ್ಲಾ ನಡೆಯುತ್ತವೆ. ಆದರೆ ಕೆಲವಕ್ಕೆ ಸರ್ಕಾರ ಬಗ್ಗುತ್ತದೆ, ಇನ್ನು ಕೆಲವನ್ನು ತಿರುಗಿಯೂ ನೋಡುವುದಿಲ್ಲ. ಇದು ಸುಮ್ನೆ ಅದೃಷ್ಟದ ವಿಷಯ ಅಂತ ನನಗೆ ಅನಿಸುವುದಿಲ್ಲ.

ಸುರತ್ಕಲ್ ಟೋಲ್ ಗೇಟ್ ವಿಷಯವನ್ನೇ ತೆಗೆದುಕೊಳ್ಳಿ. ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರ ಇರಬೇಕು ಅಂತ 2008ರ ನಿಯಮ ಹೇಳುತ್ತದೆ. ಇಲ್ಲಿ ಸುರತ್ಕಲ್ ದಾಟಿ ಸ್ವಲ್ಪ ದೂರ ಬಂದರೆ ಹೆಜಮಾಡಿಯಲ್ಲಿ ಇನ್ನೊಂದು ಟೋಲ್! ವರ್ಷಗಟ್ಟಲೆ ಜನ ಬೈಯುತ್ತಾ ದುಡ್ಡು ಕೊಟ್ಟರು. ಹೋರಾಟ ಸಮಿತಿಯವರು ಬೇರೆ ಬೇರೆ ಸಂಘಟನೆಗಳನ್ನು ಸೇರಿಸಿಕೊಂಡು, ಬೇರೆ ಯಾವ ವಿಷಯವನ್ನೂ ಬೆರೆಸದೆ, 'ಈ ಟೋಲ್ ಇಲ್ಲಿಂದ ಹೋಗಬೇಕು' ಎಂಬ ಒಂದೇ ಬೇಡಿಕೆ ಇಟ್ಟುಕೊಂಡರು. 2022ರ ಅಕ್ಟೋಬರ್ ಕೊನೆಯಿಂದ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ಕ್ಕೆ ಅಲ್ಲಿ ಟೋಲ್ ವಸೂಲಿ ನಿಂತಿತು. ಬೇಡಿಕೆ ಸ್ಪಷ್ಟವಾಗಿತ್ತು, ಕೈಯಲ್ಲಿ ನಿಯಮ ಇತ್ತು, ಜನ ಜಾಗ ಬಿಟ್ಟು ಏಳಲಿಲ್ಲ. ಜೊತೆಗೆ ಮೇ 2023ರ ವಿಧಾನಸಭಾ ಚುನಾವಣೆಗೆ ಐದಾರು ತಿಂಗಳಷ್ಟೇ ಉಳಿದಿತ್ತು ಎಂಬುದನ್ನೂ ಮರೆಯಬಾರದು.

ಕಂಬಳದ ವಿಷಯದಲ್ಲೂ ಹಾಗೆಯೇ ಆಯಿತು. ನಿಂತೇ ಹೋಗುತ್ತದೆ ಅಂತ ಎಲ್ಲರೂ ಹೆದರಿದ್ದಾಗ ಕೋಣದ ಯಜಮಾನರು, ಓಡಿಸುವವರು, ನೋಡುವವರು ಎಲ್ಲರೂ ಒಟ್ಟಿಗೆ ಬೀದಿಗೆ ಇಳಿದರು. 2017ರಲ್ಲಿ ವಿಧಾನಸಭೆ ಪ್ರಾಣಿ ಹಿಂಸೆ ತಡೆ ಕಾನೂನಿಗೇ ತಿದ್ದುಪಡಿ ತಂದಿತು, ಆಗ ಆಡಳಿತ ಪಕ್ಷ, ವಿರೋಧ ಪಕ್ಷ ಅಂತ ಭೇದ ಕಾಣಲಿಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ವಿರೋಧಿಸಿದರೆ ವೋಟು ಹೋಗುತ್ತದೆ ಅಂತ ಎಲ್ಲಾ ಪಕ್ಷಗಳಿಗೂ ಗೊತ್ತಿತ್ತು, ಅಲ್ವಾ?

ಈಗ ಬ್ಯಾಂಕುಗಳಿಗೆ ಬನ್ನಿ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕನ್ನು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿಸಿದ್ದು 2019ರ ಏಪ್ರಿಲ್ 1ರಂದು. ನೌಕರರು ಮುಷ್ಕರ ಮಾಡಿದ್ದರು. ಊರಲ್ಲಿ ಯಾರನ್ನು ಕೇಳಿದರೂ ಬೇಸರವೇ. ನಮ್ಮ ಎರಡೂ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆದದ್ದು ಏಪ್ರಿಲ್ 18ಕ್ಕೆ. ಚುನಾವಣೆಗೆ ಮೂರು ವಾರವೂ ಇಲ್ಲದ ಹೊತ್ತಿನಲ್ಲಿ ಒಂದು ಜಿಲ್ಲೆಯ ಹೆಮ್ಮೆಯ ಬ್ಯಾಂಕಿನ ಹೆಸರು ಅಳಿಸಲು ದಿಲ್ಲಿಯವರಿಗೆ ಹೆದರಿಕೆ ಆಗಲಿಲ್ಲ. ಯಾಕೆಂದರೆ 1991ರಿಂದ ದಕ್ಷಿಣ ಕನ್ನಡದಲ್ಲಿ ಒಂದೇ ಪಕ್ಷ, ಆಗ ದಿಲ್ಲಿಯಲ್ಲೂ ಆಳುತ್ತಿದ್ದ ಬಿಜೆಪಿ, ಗೆಲ್ಲುತ್ತಾ ಬಂದಿದೆ, ಇದೊಂದಕ್ಕೆ ಜನ ವೋಟು ಬದಲಿಸುವುದಿಲ್ಲ ಅಂತ ಆ ಪಕ್ಷಕ್ಕೂ ಗೊತ್ತಿತ್ತು, ಇದೊಂದರಿಂದ ಗೆಲ್ಲುವುದಿಲ್ಲ ಅಂತ ಎದುರು ಪಕ್ಷಕ್ಕೂ ಗೊತ್ತಿತ್ತು. ಹಾಗಾಗಿ ಇಬ್ಬರೂ ಮೈಮೇಲೆ ಹಾಕಿಕೊಳ್ಳಲಿಲ್ಲ. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಹೋದವು.

ಯಾರಿಗೆ ವೋಟು ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಪಕ್ಷ ಮೆಚ್ಚಿ ವೋಟು ಹಾಕುವುದು ಪ್ರತಿಯೊಬ್ಬರ ಹಕ್ಕು. ಆದರೆ ಹಾಕುವ ಮೊದಲು ಏನೂ ಕೇಳದೆ ಹಾಕಿದರೆ, ಆಮೇಲೆ ಕೇಳಿದ್ದಕ್ಕೆ ಬೆಲೆ ಇರುವುದಿಲ್ಲ.

ನೇತ್ರಾವತಿಗೆ ಸೇರುವ ಹೊಳೆಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯಲ್ಲಿ ಲೆಕ್ಕ ಇನ್ನೂ ಕಠಿಣ. ಬಿಜೆಪಿ ಸರ್ಕಾರ ಇದ್ದಾಗ ಯೋಜನೆಗೆ ಒಪ್ಪಿಗೆ ಸಿಕ್ಕಿತು, 2014ರಲ್ಲಿ ಕಾಂಗ್ರೆಸ್ ಸರ್ಕಾರ ಶಂಕುಸ್ಥಾಪನೆ ಮಾಡಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆ ಆಯಿತು. ನೇತ್ರಾವತಿಗಾಗಿ ಇಲ್ಲಿ ಎಷ್ಟು ಸಭೆ, ಎಷ್ಟು ಮೆರವಣಿಗೆ ಆಗಲಿಲ್ಲ! ದಕ್ಷಿಣ ಕನ್ನಡದ 8, ಉಡುಪಿಯ 5, ಒಟ್ಟು 13 ವಿಧಾನಸಭಾ ಸೀಟು ನಮ್ಮದು. ಆ ಕಡೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೇ ಜಿಲ್ಲೆ ಸೇರಿಸಿದರೆ 22. ಅಲ್ಲಿನವರ ಬಾಯಾರಿಕೆ ಸುಳ್ಳಲ್ಲ, ಅವರಿಗೆ ನೀರು ಬೇಕೇ ಬೇಕು. ಆದರೆ ಘಟ್ಟದ ಕಾಡು, ಹೊಳೆಯ ಹರಿವು, ಅಷ್ಟು ನೀರು ನಿಜವಾಗಿ ಸಿಗುತ್ತದಾ ಎಂಬ ಪ್ರಶ್ನೆ, ಇವೆಲ್ಲ ಸೀಟಿನ ಲೆಕ್ಕದ ಮುಂದೆ ಹಿಂದೆ ಸರಿದವು.

ಗೆದ್ದ ಹೋರಾಟದಲ್ಲೂ ಒಂದು ಪಾಠ ಇದೆ, ಪಡುಬಿದ್ರಿ ಸುತ್ತಮುತ್ತ ಇರುವ ನಮಗೆ ಅದು ಚೆನ್ನಾಗಿ ಗೊತ್ತು. ನಂದಿಕೂರಿನಲ್ಲಿ ಕಲ್ಲಿದ್ದಲಿನ ಕರೆಂಟು ಸ್ಥಾವರ ಕಟ್ಟಲು ಬಂದ ಕೊಜೆಂಟ್ರಿಕ್ಸ್ ಕಂಪನಿ 1999ರ ಕೊನೆಗೆ ಯೋಜನೆ ಬಿಟ್ಟು ಹೋಯಿತು. ಪರಿಸರದವರು, ರೈತರು, ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದರು. ಕಂಪನಿ ಹೋದ ಮೇಲೆ ಹೋರಾಟದ ಕಾವು ಇಳಿಯಿತು. ಆದರೆ ಇಲ್ಲಿ ಕಲ್ಲಿದ್ದಲಿನ ಸ್ಥಾವರ ಕಟ್ಟಬೇಕು ಎಂಬ ವಿಚಾರವನ್ನು ಸರ್ಕಾರ ಕೈಬಿಟ್ಟಿರಲಿಲ್ಲ. ಬೇರೆ ಕಂಪನಿ ಬಂತು, ಪಕ್ಕದ ಎಲ್ಲೂರಿನಲ್ಲಿ ಸ್ಥಾವರ ಎದ್ದಿತು, 2010ರಿಂದ ಅಲ್ಲಿ ಕರೆಂಟು ತಯಾರಾಗುತ್ತಿದೆ.

ಇನ್ನೊಂದು ಒತ್ತಡ ಇದೆ, ಅದು ಬೀದಿಯಲ್ಲಿ ಕಾಣುವುದೇ ಇಲ್ಲ. ದೊಡ್ಡ ಉದ್ಯಮಿಗಳು ಧರಣಿ ಕೂರುವುದಿಲ್ಲ, ಅವರಿಗೆ ಮಂತ್ರಿಗಳ ಕೋಣೆಯ ಬಾಗಿಲು ನೇರವಾಗಿ ತೆರೆಯುತ್ತದೆ. ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಆ ದುಡ್ಡು ಎಲ್ಲಿಂದ ಬರುತ್ತದೆ? ಯಾರು ಎಷ್ಟು ಕೊಟ್ಟರು ಅಂತ ಜನರಿಗೆ ಗೊತ್ತಾಗಬೇಕು ಅಂತಲೇ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದುಡ್ಡು ಕೊಡಲು ಇದ್ದ ಚುನಾವಣಾ ಬಾಂಡುಗಳನ್ನು ರದ್ದು ಮಾಡಿತು. ನಮ್ಮ ಮನವಿ ಪತ್ರಕ್ಕೆ ಸಿಗುವುದು ಒಂದು ಸೀಲು, ಅವರ ಒಂದು ಫೋನಿಗೆ ಕೆಲಸವೇ ಆಗುತ್ತದೆ. ನಾವು ಜಾಸ್ತಿ ಜನ ಇದ್ದೇವೆ ಎಂಬುದೊಂದೇ ನಮ್ಮ ಬಲ. ಅದನ್ನೂ ಜಾತಿ, ಧರ್ಮ, ಪಕ್ಷ ಅಂತ ಹಂಚಿಕೊಂಡು ಕೂತರೆ ಏನು ಉಳಿಯುತ್ತದೆ?

ಶಾಸಕರು ಬಂದು ಎಲ್ಲಾ ಸರಿ ಮಾಡಲಿ ಅಂತ ಕಾಯುವುದರಲ್ಲೂ ಅರ್ಥ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್, ಅಂದರೆ ಪಕ್ಷದ ಆದೇಶ ಮೀರಿ ಸದನದಲ್ಲಿ ವೋಟು ಹಾಕಿದರೆ ಅವರ ಸೀಟೇ ಹೋಗಬಹುದು. ಅವರಿಗೆ ಪಕ್ಷದ ಒಳಗೆ ಮಾತಾಡುವ ಧೈರ್ಯ ಬರಬೇಕಾದರೆ ಹೊರಗಿಂದ ನಮ್ಮ ಒತ್ತಡ ಬೇಕು.

ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಳೇ ಕಳೆದರೂ ಚುನಾವಣೆ ಆಗಲಿಲ್ಲ. ಇದಕ್ಕೆ ಒಂದು ದೊಡ್ಡ ಮೆರವಣಿಗೆಯೂ ಇಲ್ಲಿ ಆಗಲಿಲ್ಲ ಎಂಬುದು ನನಗೆ ತುಂಬಾ ನೋವಿನ ವಿಷಯ. ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಮುಂದೆ ಯಾವ ಚುನಾವಣೆ ಬಂದರೂ ಪ್ರತಿ ಕ್ಷೇತ್ರದ ಓದುಗರಿಂದ ನಾಲ್ಕೈದು ನೇರ ಪ್ರಶ್ನೆ ತರಿಸಿ. ಟೋಲ್, ಕುಡಿಯುವ ನೀರು, ಕಡಲ್ಕೊರೆತ, ಸರ್ಕಾರಿ ಶಾಲೆಯ ಮೇಷ್ಟ್ರು, ಏನಾದರೂ ಸರಿ. ಅಭ್ಯರ್ಥಿಗಳ ಉತ್ತರವನ್ನು ಹೆಸರಿನ ಸಮೇತ ಮುದ್ರಿಸಿ. ಉತ್ತರ ಕೊಡದವರ ಹೆಸರಿನ ಮುಂದೆ ಜಾಗ ಖಾಲಿ ಬಿಡಿ. ಗೆದ್ದವರ ಉತ್ತರವನ್ನು ವರ್ಷಕ್ಕೊಮ್ಮೆ ಮತ್ತೆ ಅದೇ ಪುಟದಲ್ಲಿ ಹಾಕಿ, ಏನು ಮಾಡಿದರು ಅಂತ ಪಕ್ಕದಲ್ಲೇ ಬರೆಯಿರಿ.

ಇತಿ,
ನಿಮ್ಮ ಓದುಗ,
ಪಡುಬಿದ್ರಿ